ಯಜಮಾನಿಯವರಿಗೆ ಯಜಮಾನಿಯವರಿಂದಲೇ ರಜೆ ಕೊಡಿಸುವ ಬಗ್ಗೆ

ದಿನಾಂಕ: ಗಾಡಿ ಹೊರಡುವ ಮುನ್ನಾದಿನ, ಮಧ್ಯಾಹ್ನ

ಇಂದ:
ಮುಖ್ಯಸ್ಥ, ಮಡಿಸುವ ಮತ್ತು ಎಣಿಸುವ ವಿಭಾಗ
(ವಿಭಾಗದಲ್ಲಿ ಬೇರೆ ಯಾರೂ ಇಲ್ಲ),
ಲಾಂಡ್ರಿಯ ಹಿಂಬದಿ ಕೋಣೆ, ಡ್ರೈಯರ್‌ಗಳ ಪಕ್ಕ.

ಗೆ:
ಮಾನ್ಯ ಯಜಮಾನಿಯವರು,
ಅದೇ ಲಾಂಡ್ರಿ,
ಮುಂಬದಿ ಕುರ್ಚಿ.

ವಿಷಯ: ಸರೋವರದ ದಂಡೆಯ ಉದ್ಯಾನಕ್ಕೆ ಕ್ಯಾರವಾನಿನಲ್ಲಿ ಹೋಗಿ ನಾಲ್ಕು ದಿನ ತಂಗಿ ಬರುವ ಸಲುವಾಗಿ, ಯಜಮಾನಿಯವರಿಗೆ ರಜೆ ಮಂಜೂರು ಮಾಡುವಂತೆ ಯಜಮಾನಿಯವರನ್ನು ಕೋರುವ ಕುರಿತು.

ಉಲ್ಲೇಖ:
1. ಉದ್ಯಾನದ ಕಚೇರಿಯ ಪತ್ರ: ತಂಗುದಾಣ ಸಂಖ್ಯೆ ಇಪ್ಪತ್ತೆರಡು, ನೀರಿಗೆ ಹತ್ತು ಹೆಜ್ಜೆ.
2. ಈ ಬಗ್ಗೆ ಕಳೆದ ಎರಡು ವರ್ಷಗಳಲ್ಲಿ ತಾವು ಕೊಟ್ಟ ಮೌಖಿಕ ಉತ್ತರ: "ನೋಡೋಣ." (ಒಟ್ಟು ನಲವತ್ತೊಂದು ಸಲ.)
3. ಮೊನ್ನೆ ಮಂಗಳವಾರ ಸಂಜೆ ಇಸ್ತ್ರಿ ಮೇಜಿನ ಬಳಿ ತಾವು ಆಡಿದ ಇನ್ನೊಂದು ಮಾತು.

ಮಾನ್ಯರೇ,

ಕೆಲಸದ ಹೊತ್ತಿನಲ್ಲಿ "ಅಕ್ಕಾ" ಎಂದು ಕರೆದರೆ ತಾವು ತಿರುಗಿಯೂ ನೋಡುವುದಿಲ್ಲ. ಆ ಕಾರಣ ತಮ್ಮ ಒಡಹುಟ್ಟಿದವನೇ ಆದ ಅರ್ಜಿದಾರನು ತಮ್ಮನ್ನು ಮಾನ್ಯರೇ ಎಂದೇ ಸಂಬೋಧಿಸಿ, ಈ ಕೆಳಕಂಡ ಅಂಶಗಳನ್ನು ತಮ್ಮ ಅವಗಾಹನೆಗೆ ತರುತ್ತಿದ್ದಾನೆ. ಓದುವಾಗ ಕನ್ನಡಕ ಹಾಕಿಕೊಳ್ಳಬೇಕಾಗಿ ವಿನಂತಿ. ಅದು ತಲೆಯ ಮೇಲೇ ಇದೆ.

1. ಈ ಲಾಂಡ್ರಿಯಲ್ಲಿ ಬಾಯಿಮಾತಿನ ರಜೆ ಎಂಬುದಿಲ್ಲ. ತಲೆನೋವಾದರೂ ಅರ್ಜಿ, ಮಗುವಿನ ಶಾಲೆಯಲ್ಲಿ ಸಭೆಯಿದ್ದರೂ ಅರ್ಜಿ. ಹತ್ತೊಂಬತ್ತು ವರ್ಷಗಳ ಅರ್ಜಿಗಳೆಲ್ಲ ರಜಾ ಪುಸ್ತಕದಲ್ಲಿ ಆಯಾಯ ಹೆಸರಿನ ಪುಟಗಳಿಗೆ ಅಂಟಿಕೊಂಡಿವೆ. ಎಲ್ಲರೂ ಇಸ್ತ್ರಿಯಮ್ಮ ಎಂದು ಕರೆಯುವ ಇಸ್ತ್ರಿ ಮೇಜಿನ ಹಿರಿಯ ಕೆಲಸಗಾರ್ತಿಗೆ ಎರಡು ಪುಟ. ಡೆಲಿವರಿ ವ್ಯಾನ್ ಓಡಿಸುವ ತಮ್ಮ ಯಜಮಾನರಿಗೆ (ಮುಂದೆ 'ಭಾವ') ನಾಲ್ಕು. ಕೌಂಟರಿನಲ್ಲಿ ಚೀಟಿ ಬರೆಯುವ ಅರ್ಜಿದಾರನ ಹೆಂಡತಿಗೆ ಐದು. ಅರ್ಜಿದಾರನಿಗೆ ಒಂಬತ್ತು; ಈ ಬಗ್ಗೆ ಅವನಿಗೆ ನಾಚಿಕೆಯಿದೆ. ತಮ್ಮ ಹೆಸರಿನ ಪುಟ ಮಾತ್ರ ಈಗಷ್ಟೇ ಒಗೆದ ಬೆಡ್‌ಶೀಟಿನ ಹಾಗೆ ಬೆಳ್ಳಗಿದೆ.

ಯಾಕೆಂದು ಕೇಳಿದಾಗ ತಾವು, "ನನಗೆ ರಜೆ ಕೊಡೋರು ಯಾರಪ್ಪ?" ಎಂದಿರಿ. ಎಲ್ಲರೂ ನಕ್ಕರು. ಅರ್ಜಿದಾರ ನಗಲಿಲ್ಲ. ಅದು ನಗೆಯ ಮಾತಲ್ಲ, ಕಾರ್ಯವಿಧಾನದ ಪ್ರಶ್ನೆ. ರಜೆ ಕೊಡುವ ಅಧಿಕಾರಿ ತಾವು, ಕೇಳಬೇಕಾದವರೂ ತಾವು. ಅಧಿಕಾರಿ ತನಗೆ ತಾನೇ ಅರ್ಜಿ ಹಾಕಿಕೊಂಡರೆ ನೋಡಿದವರು ಏನೆಂದುಕೊಂಡಾರು? ಆದ್ದರಿಂದ ತಮ್ಮ ಪರವಾಗಿ ತಮ್ಮಲ್ಲೇ ಅರ್ಜಿ ಹಾಕಲು ಮೂರನೆಯವನೊಬ್ಬ ಬೇಕು. ಆ ಮೂರನೆಯವನು ಈತ.

2. ಭಾವನ ದಿನದ ಸುತ್ತು ಏಳು ಬೀದಿ. ಏಳೂ ಗಿಡ್ಡ, ಮೂಲೆಗೊಂದು ಸಿಗ್ನಲ್. ವ್ಯಾನಿಗೆ ಐದು ಗೇರುಗಳಿದ್ದರೂ ಮೂರನೆಯದರ ಆಚೆಗೆ ಭಾವ ಕಾಲಿಟ್ಟು ಹದಿನಾಲ್ಕು ವರ್ಷ. ನಾಲ್ಕು ಮತ್ತು ಐದು ಇನ್ನೂ ಒಳಗಿವೆಯೋ ಬಿದ್ದುಹೋದವೋ ತನಗೆ ಗೊತ್ತಿಲ್ಲ ಎನ್ನುತ್ತಾರೆ. ಇಂಥ ಭಾವ ಗ್ಯಾರೇಜಿನ ಗೆಳೆಯನನ್ನು ಕಾಡಿ ಬೇಡಿ ಒಂದು ಕ್ಯಾರವಾನ್ ತಂದು, ಹತ್ತು ದಿನದಿಂದ ಅಂಗಡಿ ಹಿಂದಿನ ಓಣಿಯಲ್ಲಿ ನಿಲ್ಲಿಸಿಕೊಂಡಿದ್ದಾರೆ. ಅದು ಚಕ್ರ ಕಟ್ಟಿಕೊಂಡು ತಾನೇ ಓಡುವ ಮನೆ; ಇದಕ್ಕೂ ಐದು ಗೇರು. ಎರಡು ಮಂಚ, ಬೇಕೆಂದಾಗ ಮೂರನೆಯ ಮಂಚವಾಗುವ ಒಂದು ಮೇಜು, ಒಲೆ, ಅಂಗೈಯಗಲದ ಸಿಂಕು. ಕಕ್ಕಸಿನ ಬಾಗಿಲು ಹಾಕಬೇಕಾದರೆ ಮೊದಲು ಕುಳಿತುಕೊಳ್ಳಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಗಾದೆ ಮಾಡಿದವನು ಒಂದು ರಾತ್ರಿಯಾದರೂ ಇದರಲ್ಲಿ ಮಲಗಿದ್ದಿರಬೇಕು.

ಉದ್ಯಾನದಲ್ಲಿ ಗಾಡಿಯನ್ನು ಹಿಂದಕ್ಕೆ ತಂದು ನಿಲ್ಲಿಸಬೇಕೆಂದು ನಿಯಮವಿರುವುದರಿಂದ ಭಾವ ಓಣಿಯಲ್ಲಿ ದಿನಾ ತಾಲೀಮು ಮಾಡುತ್ತಾರೆ. ಹಿಂದೆ ನಿಂತು ದಾರಿ ಹೇಳುವ ಹೊಣೆ ಅರ್ಜಿದಾರನ ಹೆಂಡತಿಯದು. ಮೊದಲ ದಿನ ಆಕೆ "ಬರ್ಲಿ, ಬರ್ಲಿ, ಬರ್ಲಿ" ಎನ್ನುತ್ತಲೇ ಹೋಗಿ, ಕಸದ ಡಬ್ಬಿ ಮಗುಚಿದ ಮೇಲೆ "ಬಂತು" ಎಂದಳು. ಈಗ ಡಬ್ಬಿ ಬೀಳುವ ಮೊದಲೇ "ಬಂತು" ಎನ್ನುವಷ್ಟು ಸುಧಾರಿಸಿದ್ದಾಳೆ.

ಹೋಗುವ ದಾರಿಯನ್ನು ಭಾವ ಡೆಲಿವರಿ ಚೀಟಿಯ ಬೆನ್ನ ಮೇಲೆ ಮೂರು ಸಲ ಬರೆದಿದ್ದಾರೆ. ಊರು ದಾಟಿದ ಮೇಲೆ ರಸ್ತೆ ಬಹಳ ದೂರ ನೆಟ್ಟಗಿದೆ. ಅಲ್ಲೊಂದು ನಕ್ಷತ್ರ ಹಾಕಿ "ಇಲ್ಲಿ ಐದು" ಎಂದು ಬರೆದಿದ್ದಾರೆ. ಆ ಚೀಟಿಯನ್ನು ಅವರು ಜೇಬಿನಿಂದ ತೆಗೆದು ನೋಡಿ, ಮತ್ತೆ ಇಟ್ಟುಕೊಳ್ಳುವುದನ್ನು ಅರ್ಜಿದಾರ ಕಂಡಿದ್ದಾನೆ. ತಾವೂ ಕಂಡಿದ್ದೀರಿ, ಕಂಡೂ ಕಾಣದವರ ಹಾಗೆ ಗುಂಡಿ ಎಣಿಸುತ್ತಿದ್ದಿರಿ.

3. ತಂಗುದಾಣವನ್ನು ಕಾದಿರಿಸಿರುವುದು ತಮ್ಮ ಹೆಸರಿನಲ್ಲಿ. ಇದು ಮೂರನೆಯ ಸಲ. ಮೊದಲ ವರ್ಷ ಬಾಯ್ಲರ್ ಕೆಟ್ಟಿತೆಂದು ತಾವು ರದ್ದು ಮಾಡಿಸಿದಿರಿ. ಎರಡನೆಯ ವರ್ಷ ಹೋಟೆಲಿನವರ ನೂರಾ ಹನ್ನೆರಡು ಪರದೆಗಳು ಒಟ್ಟಿಗೆ ಬಂದವೆಂದು ರದ್ದು ಮಾಡಿಸಿದಿರಿ. ಮೂರನೆಯ ಸಲವೂ ಬಾರದಿದ್ದರೆ ಹೆಸರನ್ನು ಪಟ್ಟಿಯಿಂದ ಐದು ವರ್ಷ ತೆಗೆದುಹಾಕುತ್ತೇವೆಂದು ಉದ್ಯಾನದವರು ಬರೆದಿದ್ದಾರೆ. ಹೆಸರಿನವರು ಖುದ್ದಾಗಿ ಬಂದು ಮುಖ ತೋರಿಸದೆ ಗೇಟು ತೆರೆಯುವುದಿಲ್ಲವಂತೆ. ಪತ್ರ ನಡೆಯುವುದಿಲ್ಲ, ಗಂಡನೂ ನಡೆಯುವುದಿಲ್ಲ. ಅಂದರೆ ತಾವು ಬಾರದಿದ್ದರೆ ಯಾರೂ ಹೋಗುವಂತಿಲ್ಲ. ಬೇರೆ ಹೆಸರು ಕೊಡಬಹುದಿತ್ತಲ್ಲ ಎಂದು ತಾವು ಕೇಳಬಹುದು. ಕೊಡಬಹುದಿತ್ತು. ಇದು ಅರ್ಜಿದಾರನ ಅಜಾಗರೂಕತೆಯಲ್ಲ, ಕುತಂತ್ರ.

4. ಉದ್ಯಾನದ ಮೂವತ್ತು ನಿಯಮಗಳ ಹಾಳೆಯನ್ನು ತಮ್ಮ ಮುಂದಿಟ್ಟಾಗ ತಾವು ಒಂಬತ್ತನೆಯದನ್ನು ಮಾತ್ರ ಎರಡು ಸಲ ಓದಿದಿರಿ: ಸರೋವರದಲ್ಲಿ ಬಟ್ಟೆ ಒಗೆಯುವಂತಿಲ್ಲ. "ಮತ್ತೆ ಅಷ್ಟು ನೀರು ಇಟ್ಕೊಂಡು ಏನ್ಮಾಡ್ತಾರೆ?" ಎಂದು ಕೇಳಿದಿರಿ. ನೋಡುತ್ತಾರೆ ಎಂದು ಭಾವ ಹೇಳಿದರು. ಬೆಳಗಿನಿಂದ ಸಂಜೆತನಕ ಒಂಬತ್ತು ಯಂತ್ರಗಳ ಗಾಜಿನಲ್ಲಿ ನೀರನ್ನೇ ನೋಡುತ್ತಿರುವವಳಿಗೆ ಅಷ್ಟು ದೂರ ಹೋಗಿ ಮತ್ತೆ ನೀರು ನೋಡುವ ಕರ್ಮವೇನೆಂಬುದು ತಮ್ಮ ವಾದ. ಭಾವ ಸಾಮಾನ್ಯವಾಗಿ ವಾದಿಸುವವರಲ್ಲ. ಅವತ್ತು ಮಾತ್ರ, "ಅದು ಸುತ್ತಲ್ಲ ಕಣೇ, ಸುಮ್ನೆ ಇರುತ್ತೆ" ಎಂದರು. ತಾವು ಹಾಳೆ ಮಡಿಸುತ್ತ ಎಂದಿನ ಉತ್ತರವನ್ನೇ ಕೊಟ್ಟಿರಿ. ಆದರೆ ಆ ದಿನ "ನೋಡೋಣ" ಎಂದದ್ದರಲ್ಲಿ ಸ್ವಲ್ಪ ಸಡಿಲವಿತ್ತೆಂದು ಅರ್ಜಿದಾರನ ಹೆಂಡತಿ ಇಂದಿಗೂ ಸಾಧಿಸುತ್ತಾಳೆ.

5. ಇನ್ನು ಮಂಗಳವಾರದ ಘಟನೆ. ಇದನ್ನು ಬಿಟ್ಟು ಬರೆಯಬೇಕೆಂದಿದ್ದ ಅರ್ಜಿದಾರ, ತಮ್ಮಿಂದ ಮುಚ್ಚಿಟ್ಟ ಕಲೆ ಇದುವರೆಗೆ ಒಂದೂ ಇಲ್ಲವಾದ್ದರಿಂದ ಬರೆಯುತ್ತಿದ್ದಾನೆ.

ಅಂದು ತಮ್ಮ ಹಲ್ಲುನೋವು ಮಿತಿಮೀರಿ, ತಾವು ಅರ್ಧ ದಿನ ಹಲ್ಲಿನ ಡಾಕ್ಟರ ಬಳಿ ಹೋಗಬೇಕಾಯಿತು. (ಅದನ್ನು ರಜೆಯೆಂದು ಒಪ್ಪದೆ "ಹೊರಗಿನ ಕೆಲಸ" ಎಂದು ಬರೆದು ಹೋದಿರಿ.) ಅದೇ ಹೊತ್ತಿಗೆ ಪ್ರವಾಸದ ಬಟ್ಟೆಗಳು ಒಗೆದು ಒಣಗಿದ್ದವು: ನಾಲ್ಕು ರಜಾಯಿ, ಆರು ಹೊದಿಕೆ, ಮತ್ತು ಕ್ಯಾರವಾನಿನ ಪಕ್ಕಕ್ಕೆ ನೆರಳಿಗೆಂದು ಕಟ್ಟುವ ಹಸಿರು ಪಟ್ಟೆಯ ದೊಡ್ಡ ಕ್ಯಾನ್ವಾಸು. ಚೀಟಿಯಿಲ್ಲದ ಬಟ್ಟೆ ಕಪಾಟು ಹತ್ತಬಾರದೆಂಬುದು ತಮ್ಮ ಮೊದಲ ನಿಯಮ. ಚೀಟಿಯೆಂದರೆ ಅದರ ಮೇಲೆ ಗಿರಾಕಿಯ ಸಂಖ್ಯೆ ಇರಬೇಕು. ಪ್ರವಾಸಕ್ಕೆ ಗಿರಾಕಿ ಸಂಖ್ಯೆ ಎಲ್ಲಿಂದ ಬರಬೇಕು? ತಂಗುದಾಣಕ್ಕೊಂದು ಸಂಖ್ಯೆಯಿತ್ತು. ಅರ್ಜಿದಾರ ದೊಡ್ಡದಾಗಿ ಇಪ್ಪತ್ತೆರಡು ಎಂದು ಬರೆದು, ಗಂಟು ಕಟ್ಟಿ, ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡ.

ಮೂಲೆಯ ಸಲೂನಿನವರು ನಮ್ಮ ಇಪ್ಪತ್ತೆರಡನೆಯ ಗಿರಾಕಿ. ಅವರ ನಲವತ್ತೆಂಟು ಟವೆಲು, ಕ್ಷೌರದ ಹೊತ್ತಿಗೆ ಕೊರಳಿಗೆ ಕಟ್ಟುವ ಹನ್ನೆರಡು ಬಿಳಿ ಬಟ್ಟೆ, ಪಕ್ಕದ ಗಂಟಿನಲ್ಲಿದ್ದವು. ಇಪ್ಪತ್ತೆರಡರಲ್ಲಿ ಒಂದು ಗಂಟು ಕ್ಯಾರವಾನಿಗೆ, ಇನ್ನೊಂದು ಡೆಲಿವರಿಗೆ ಎಂದು ಅರ್ಜಿದಾರ ಹೆಂಡತಿಗೆ ಹೇಳಿದ. ಆಕೆ ಹಾಗೆಯೇ ಹಂಚಿದಳು. ಭಾವ ಸಂಖ್ಯೆ ನೋಡುವವರೇ ಹೊರತು ಬಟ್ಟೆ ನೋಡುವವರಲ್ಲ. ಹದಿನಾಲ್ಕು ವರ್ಷ ತಾವೇ ಅವರನ್ನು ಹಾಗೆ ಪಳಗಿಸಿದ್ದೀರಿ. ಹೀಗೆ ಮೂವರೂ ತಮ್ಮ ತಮ್ಮ ಕರ್ತವ್ಯವನ್ನು ಚಾಚೂ ತಪ್ಪದೆ ಮಾಡಿದ ಕಾರಣ, ಟವೆಲುಗಳು ಕ್ಯಾರವಾನಿನ ಮಂಚದ ಮೇಲೂ ರಜಾಯಿಗಳು ಸಲೂನಿಗೂ ತಲುಪಿದವು.

ಸಲೂನಿನವರು ಶಾಂತ ಸ್ವಭಾವದವರು. ಆಗ ಮೂರು ಕುರ್ಚಿಗಳಲ್ಲೂ ಗಿರಾಕಿಗಳಿದ್ದರು. ಗಂಟು ಬಿಚ್ಚಿ ಕ್ಯಾನ್ವಾಸು ಕಂಡಾಗ, ಲಾಂಡ್ರಿಯವರು ಏನೋ ಹೊಸ ವ್ಯವಸ್ಥೆ ಮಾಡಿರಬೇಕೆಂದುಕೊಂಡು, ಅದನ್ನು ಮೂವರಿಗೂ ಒಟ್ಟಿಗೆ ಹೊದಿಸಿ, ಅದರದೇ ಹಗ್ಗಗಳಿಂದ ಕತ್ತಿನ ಹಿಂದೆ ಬಿಗಿದರಂತೆ. ಹಸಿರು ಬಳ್ಳಿಯಲ್ಲಿ ಸಾಲಾಗಿ ಬಿಟ್ಟ ಕುಂಬಳಕಾಯಿಗಳಂತೆ ಮೂರು ತಲೆ. ಮೊದಲನೆಯವರ ಕ್ಷೌರ ಮುಗಿದರೂ ಉಳಿದಿಬ್ಬರದು ಮುಗಿಯುವ ತನಕ ಏಳುವಂತಿರಲಿಲ್ಲ. ಆ ಮೂವರು ಅಷ್ಟು ವರ್ಷ ಅಕ್ಕಪಕ್ಕ ಕುಳಿತರೂ ಒಂದು ಮಾತಾಡಿದವರಲ್ಲ. ಅಂದು ಪರಿಚಯವಾಗಿ, ಈಗ ಸಂಜೆ ಒಟ್ಟಿಗೆ ವಾಕಿಂಗ್ ಹೋಗುತ್ತಾರೆಂದು ತಿಳಿದುಬಂದಿದೆ.

ತಾವು ಅರ್ಧ ಮುಖ ಜೋಮು ಹಿಡಿದುಕೊಂಡು ಬಂದವರು ಹೊಸ್ತಿಲಲ್ಲೇ ನಿಂತಿರಿ. ಕಪಾಟಿನತ್ತ ಒಂದೇ ನೋಟ. ಇಪ್ಪತ್ತೆರಡು ಎಲ್ಲಿ ಎಂಬ ಅರ್ಥದ ಶಬ್ದವೊಂದು ಬಾಯಿಯ ಕೆಲಸ ಮಾಡುತ್ತಿದ್ದ ಅರ್ಧದಿಂದ ಬಂತು. ಅರ್ಜಿದಾರ ಒಂದು ಬೆರಳನ್ನು ಓಣಿಯತ್ತಲೂ ಇನ್ನೊಂದನ್ನು ಸಲೂನಿನತ್ತಲೂ ತೋರಿಸಿದ. ತಾವೇ ಸಲೂನಿಗೆ ನಡೆದು, ಅರ್ಧ ಗಂಟೆಯಲ್ಲಿ ಟವೆಲನ್ನು ಟವೆಲಿನ ಜಾಗಕ್ಕೂ ರಜಾಯಿಯನ್ನು ರಜಾಯಿಯ ಜಾಗಕ್ಕೂ ಸೇರಿಸಿ, ಕ್ಯಾನ್ವಾಸಿನ ಮೇಲಿನ ಕೂದಲನ್ನೂ ಕೊಡವಿ ತಂದಿರಿ. ಬೈಯಲಿಲ್ಲ. ಬೈಯಲು ಬಾಯಿ ಬರುವಂತಿರಲಿಲ್ಲ.

6. ಬಾಯಿ ಸಂಜೆಗೆ ಬಂತು. "ನೀವೆಲ್ಲ ಹೋಗ್ಬನ್ನಿ. ನಾನು ಬರಲ್ಲ," ಎಂದಿರಿ. ತಾವಿಲ್ಲದೆ ಗೇಟು ತೆರೆಯುವುದಿಲ್ಲವೆಂದು ಅರ್ಜಿದಾರನ ಹೆಂಡತಿ ನೆನಪಿಸಿದಾಗ, ಹಾಗಾದರೆ ಯಾರೂ ಹೋಗುವುದು ಬೇಡ ಎಂದಿರಿ. ಭಾವ ಯಾವ ತೊಂದರೆಯೂ ಇಲ್ಲದ ಟೈರುಗಳನ್ನು ಪರೀಕ್ಷಿಸಲು ಓಣಿಗೆ ಹೋದರು. ನಾಲ್ಕು ಟೈರು ನೋಡಲು ಅವರಿಗೆ ಮುಕ್ಕಾಲು ಗಂಟೆ ಹಿಡಿಯಿತು.

ಆಮೇಲೆ ಇಸ್ತ್ರಿ ಮೇಜಿನ ಬಳಿ ತಾವು ಮತ್ತು ಅರ್ಜಿದಾರ ಇಬ್ಬರೇ ಉಳಿದಿರಿ. ತಾವು ದಿಂಬಿನ ಚೀಲಗಳನ್ನು ಜೋಡಿ ಮಾಡುತ್ತಿದ್ದಿರಿ. ಆಗ ನಡೆದ ಮಾತುಕತೆಯನ್ನು ಉಲ್ಲೇಖ ಮೂರರ ಸಲುವಾಗಿ ಇದ್ದದ್ದು ಇದ್ದ ಹಾಗೆ ದಾಖಲಿಸಲಾಗಿದೆ.

"ಅರ್ಧ ದಿನ ಬಿಟ್ಟುಹೋದ್ರೆ ಸಲೂನಿನವರಿಗೆ ರಜಾಯಿ ಹೊದ್ದಿಸ್ತೀರಿ. ನಾಲ್ಕು ದಿನ ಬಿಟ್ಟರೆ ಏನು ಗತಿ?"

"ತಪ್ಪು ಮಾಡಿದೋರೆಲ್ಲ ನಿನ್ ಜೊತೆ ಗಾಡೀಲೇ ಇರ್ತೀವಲ್ಲಕ್ಕ. ಇಲ್ಲಿ ಉಳಿಯೋದು ಇಸ್ತ್ರಿಯಮ್ಮ ಒಬ್ಬರೇ. ಅವರು ಯಾವತ್ತು ತಪ್ಪು ಮಾಡಿದಾರೆ ಹೇಳು."

ತಾವು ಒಂದು ದಿಂಬಿನ ಚೀಲವನ್ನು ಹಿಡಿದು, ಅದರ ಜೋಡಿ ಕಣ್ಣೆದುರಿಗೇ ಇದ್ದರೂ ರಾಶಿಯಲ್ಲಿ ಹುಡುಕಿದಿರಿ.

"ಅದೇ ಕಣೋ," ಎಂದಿರಿ.

"ಏನು ಅದೇ?"

"ನಡೀದೆ ಹೋದ್ರೆ ಅಂತ ನಂಗೇನು ಭಯ ಇಲ್ಲ. ಬಂದು ಸರಿ ಮಾಡ್ಕೋತೀನಿ. ನಡೆದುಬಿಟ್ರೆ?"

ಅರ್ಜಿದಾರ ಮಡಿಸಿದ್ದ ಚೀಲವನ್ನೇ ಬಿಚ್ಚಿ ಮತ್ತೆ ಮಡಿಸಿದ. ಅಕ್ಕನಿಗೆ ಹಟ ಎಂದೇ ಹತ್ತೊಂಬತ್ತು ವರ್ಷ ತಿಳಿದುಕೊಂಡಿದ್ದವನಿಗೆ ಅದು ಹಟವಲ್ಲ ಎಂದು ಗೊತ್ತಾದದ್ದು ಆಗಲೇ. ಒಂಬತ್ತು ಪುಟ ರಜೆ ತೆಗೆದುಕೊಂಡವನಿಗೆ ತಾನಿಲ್ಲದೆಯೂ ಎಲ್ಲ ನಡೆಯುತ್ತದೆಂಬುದು ರೂಢಿಯಾಗಿರುತ್ತದೆ. ಒಂದು ದಿನವೂ ತೆಗೆದುಕೊಳ್ಳದವರಿಗೆ ಆ ರೂಢಿ ಎಲ್ಲಿಂದ ಬರಬೇಕು?

7. ಮರುದಿನ ಬೆಳಿಗ್ಗೆ, ತಾವು ಬಾಯ್ಲರ್ ಕೋಣೆಯಲ್ಲಿದ್ದಾಗ, ಅರ್ಜಿದಾರ ಈ ಪ್ರಶ್ನೆಯನ್ನು ಇಸ್ತ್ರಿಯಮ್ಮನವರ ಮುಂದಿಟ್ಟ. ಗುಟ್ಟನ್ನು ಹೊರಗೆ ಹಾಕಿದ್ದಕ್ಕೆ ತಾವು ಬೈಯುವಿರೆಂಬುದು ಗೊತ್ತಿದ್ದೇ ಹಾಕಿದ್ದಾನೆ. ಆಕೆ ಇಸ್ತ್ರಿಪೆಟ್ಟಿಗೆ ಕೆಳಗಿಡಲಿಲ್ಲ. ಒಂದು ಶರಟಿನ ತೋಳು ಮುಗಿಸಿ, ಇನ್ನೊಂದು ತೋಳು ಎಳೆದುಕೊಂಡು ಹೇಳಿದರು:

"ನಾಲ್ಕು ದಿನ ನಡೆಸ್ತೀನಿ. ಐದನೇ ದಿನ ಅಂಗಡಿ ಮುಚ್ಚಿಹೋದ್ರೆ ನನ್ನ ಕೇಳ್ಬೇಡಿ ಅಂತ ನಿಮ್ಮಕ್ಕಂಗೆ ಹೇಳು."

ಯಾಕೆ ಎಂದು ಕೇಳಲಾಯಿತು.

"ಇಲ್ಲಿಗೆ ಜನ ಬಟ್ಟೆ ಕೊಡೋಕೆ ಬರ್ತಾರೆ ಅಂದ್ಕೊಂಡಿದ್ದೀಯಾ? ಬೈಸ್ಕೊಳ್ಳೋಕೆ ಬರ್ತಾರಪ್ಪ. ನಂಗೆ ಬೈಯೋಕೆ ಬರಲ್ಲ. ನಾಲ್ಕು ದಿನ ತಡ್ಕೋತಾರೆ. ಆಮೇಲೆ ಬೇರೆ ಲಾಂಡ್ರಿ ಹುಡುಕ್ತಾರೆ."

ಅರ್ಜಿದಾರ ಇದನ್ನು ಬಾಯಿಮಾತೆಂದು ಬಿಡದೆ ಎರಡು ದಿನ ಹಿಂಬದಿಯ ಕಿಂಡಿಯಿಂದ ಗಮನಿಸಿದ್ದಾನೆ. ಬಂದ ಮೂವತ್ತೊಂದು ಗಿರಾಕಿಗಳಲ್ಲಿ ಇಪ್ಪತ್ತಾರು ಮಂದಿ ತಮ್ಮಿಂದ ಬೈಸಿಕೊಂಡರು: ಜೇಬಿನಲ್ಲಿ ಪೆನ್ನು ಬಿಟ್ಟದ್ದಕ್ಕೆ, ಹರಿದ ಕಾಲರನ್ನೇ ಮತ್ತೆ ತಂದದ್ದಕ್ಕೆ, ಹೊತ್ತಿಗೆ ಸರಿಯಾಗಿ ಉಣ್ಣದೆ ಪ್ಯಾಂಟು ಸಡಿಲವಾಗಿ ಬೆಲ್ಟಿಗೆ ಹೊಸ ತೂತು ಕೊರೆದುಕೊಂಡದ್ದಕ್ಕೆ. ಒಬ್ಬಂಟಿಯಾಗಿರುವ ನಕಾಶೆ ಬರೆಯುವವರು ಎರಡು ದಿನವೂ ಒಂದೊಂದೇ ಕರವಸ್ತ್ರ ತಂದರು. ಇಪ್ಪತ್ತಾರು ಜನರೂ ಬಾಗಿಲು ದಾಟುವಾಗ ನಗುತ್ತಿದ್ದರು. ಬೈಸಿಕೊಳ್ಳದ ಐವರಲ್ಲಿ ಒಬ್ಬರು ಹೊರಗೆ ಹೋಗಿ ನಿಂತು, ತಮಗೇನು ಕಡಿಮೆಯಾಯಿತೆಂಬಂತೆ ಒಳಗೆ ನೋಡಿದರು.

ಮೇಲ್ಕಂಡ ಕಾರಣಗಳಿಂದ ಈ ಕೆಳಗಿನವು ಸಾಬೀತಾಗಿವೆ:

ಅ) ತಾವಿಲ್ಲದೆ ಈ ಲಾಂಡ್ರಿ ಅರ್ಧ ದಿನವೂ ನಡೆಯುವುದಿಲ್ಲ (ಮಂಗಳವಾರದ ಘಟನೆ).
ಆ) ತಾ‌ವಿಲ್ಲದೆ ಈ ಲಾಂಡ್ರಿ ನಾಲ್ಕು ದಿನ ಚೆನ್ನಾಗಿಯೇ ನಡೆಯುತ್ತದೆ (ಇಸ್ತ್ರಿಯಮ್ಮನವರ ಹೇಳಿಕೆ).
ಇ) ಐದನೆಯ ದಿನ ಖಂಡಿತ ನಡೆಯುವುದಿಲ್ಲ (ಅದೇ ಹೇಳಿಕೆ, ಮತ್ತು ಕಿಂಡಿಯ ಲೆಕ್ಕ).

'ಅ' ಮತ್ತು 'ಆ' ಒಂದಕ್ಕೊಂದು ವಿರುದ್ಧವಾಗಿರುವುದು ಅರ್ಜಿದಾರನ ಗಮನಕ್ಕೆ ಬಂದಿದೆ. ಹೊರಡುವಾಗ 'ಆ'ವನ್ನೂ, ದಾರಿಯಲ್ಲಿ ಬೇಸರವಾದರೆ 'ಅ'ವನ್ನೂ, ಹಿಂದಿರುಗುವಾಗ 'ಇ'ಯನ್ನೂ ನೆನೆಯಬಹುದು. ಆದ್ದರಿಂದ ತಮಗೆ ನಾಲ್ಕು ದಿನಗಳ ರಜೆಯನ್ನು, ಐದು ಅಲ್ಲ, ನಾಲ್ಕೇ ದಿನಗಳ ರಜೆಯನ್ನು ತಾವು ದಯಪಾಲಿಸಬೇಕಾಗಿ ಪ್ರಾರ್ಥನೆ.

ಬೈಸಿಕೊಳ್ಳಲು ಸದಾ ಸಿದ್ಧನಿರುವ,
ತಮ್ಮ ವಿಶ್ವಾಸಿ,
(ಸಹಿ) ಅರ್ಜಿದಾರ

ಲಗತ್ತುಗಳು:
1. ಉದ್ಯಾನದ ಪತ್ರ, ಒಂದು.
2. ದಾರಿಯ ನಕ್ಷೆ, ನಕ್ಷತ್ರ ಸಹಿತ. (ಭಾವನ ಜೇಬಿನಿಂದ ಎರವಲು ಪಡೆದದ್ದು, ಓದಿದ ಕೂಡಲೇ ಹಿಂದಿರುಗಿಸಬೇಕು, ಕೇಳುತ್ತಿದ್ದಾರೆ.)
3. ಸಲೂನಿನವರ ಪತ್ರ: ಗಿರಾಕಿಗಳಿಗೆ ಹಸಿರು ಕ್ಯಾನ್ವಾಸು ಹಿಡಿಸಿದೆಯೆಂದೂ, ಪ್ರವಾಸ ಮುಗಿದ ಮೇಲೆ ತಿಂಗಳಿಗೊಮ್ಮೆ ಸಿಗಬಹುದೇ ಎಂದೂ.
4. ಹಲ್ಲಿನ ಡಾಕ್ಟರ ಚೀಟಿ. ಅದರಲ್ಲಿ "ನಾಲ್ಕು ದಿನ ಕೆರೆಯ ಗಾಳಿ" ಎಂಬ ಕೊನೆಯ ಸಾಲು ಅರ್ಜಿದಾರನ ಕೈಬರಹದಲ್ಲಿದೆ.
5. ಬೈಸಿಕೊಂಡವರ ಪಟ್ಟಿ, ಇಪ್ಪತ್ತಾರು ಹೆಸರು.

ವಿಶೇಷ ಸೂಚನೆ: ಯಾವ ರಜಾ ಅರ್ಜಿಯಾದರೂ ಮೂರು ದಿನ ಕೌಂಟರಿನ ಹಲಗೆಯ ಮೇಲಿರಬೇಕು, ಅಲ್ಲಿಯವರೆಗೆ ಮಂಜೂರೂ ಇಲ್ಲ, ತಿರಸ್ಕಾರವೂ ಇಲ್ಲ, ಮತ್ತು ಆ ಮೂರು ದಿನ ಅಧಿಕಾರಿ ಹಲಗೆ ಬಿಟ್ಟು ಕದಲತಕ್ಕದ್ದಲ್ಲ ಎಂದು ರಜಾ ಪುಸ್ತಕದ ಮೊದಲ ಪುಟದಲ್ಲಿ ತಮ್ಮದೇ ಅಕ್ಷರದಲ್ಲಿದೆ. ಈ ಅರ್ಜಿಯನ್ನು ನಿಯಮದಂತೆ ಹಲಗೆಯ ಮೇಲೆ ಇಡಲಾಗಿದೆ. ಹಲಗೆಯನ್ನು ಭಾವ ಸ್ಕ್ರೂ ಬಿಚ್ಚಿ, ಕ್ಯಾರವಾನಿನ ಕಿಟಕಿಯ ಪಕ್ಕ ಕೂರಿಸಿದ್ದಾರೆ. ಹಲಗೆ ನಾಳೆ ಬೆಳಿಗ್ಗೆ ಆರಕ್ಕೆ ಹೊರಡುತ್ತದೆ. ತಾವು ಅದರ ಹಿಂದೆ ಕುಳಿತಿದ್ದಷ್ಟು ಕಾಲ ಕರ್ತವ್ಯದ ಮೇಲಿದ್ದೀರೆಂದೇ ಪರಿಗಣಿಸಲಾಗುವುದು. ಮೂರು ದಿನ ಪರಿಶೀಲಿಸಿದ ಮೇಲೂ ಅರ್ಜಿಯನ್ನು ತಿರಸ್ಕರಿಸಲೇಬೇಕೆಂದು ತಮಗನ್ನಿಸಿದಲ್ಲಿ, ನಾಲ್ಕನೆಯ ದಿನ ಬೆಳಿಗ್ಗೆ, ನೀರಿನಲ್ಲಿ ಕಾಲು ಇಳಿಬಿಟ್ಟು ಕುಳಿತು, ತಿರಸ್ಕರಿಸಬೇಕಾಗಿ ವಿನಂತಿ.